ಕೇಳದ ಪ್ರಶ್ನೆಗೆ ಯಾರು ಹೊಣೆ?

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಯಾರಾದರೂ ಮಡಿಸಿದ ಕಾಗದ ಹಿಡಿದುಕೊಂಡು ಬಂದರೆ ಅದು ಮನೆಬಾಡಿಗೆಯ ಕರಾರೇ ಎಂದು ನನ್ನ ಹೆಂಡತಿಗೆ ಕೇಳದೆಯೇ ತಿಳಿಯುತ್ತದೆ. ಒಂದು ಲೋಟ ಕಾಫಿ ಹೆಚ್ಚಿಗೆ ಬೆರೆಸುತ್ತಾಳೆ. ಸೇಲಂ ಪಟ್ಟಣದಲ್ಲಿ ಕನ್ನಡ ಮನೆಮಾತಿನವರು ಕಡಿಮೆಯೇನಿಲ್ಲ. ದೇವಾಂಗ ನೇಕಾರರ ಮನೆತನಗಳು ತಲೆಮಾರುಗಳಿಂದ ಇಲ್ಲಿ ನೆಲೆಸಿವೆ; ಅವರಿಗೆ ತಮಿಳಿನ ಓದು ಬರಹ ಇಲ್ಲಿಯ ಯಾರಿಗೂ ಕಡಿಮೆಯಿಲ್ಲದಂತೆ ಬರುತ್ತದೆ. ನನ್ನಲ್ಲಿಗೆ ಬರುವವರು ಬೇರೆ. ಡೆಂಕಣಿಕೋಟೆ, ತಳಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಆ ಸೀಮೆ ನಾನು ಹುಡುಗನಾಗಿದ್ದಾಗ ಧರ್ಮಪುರಿ ಜಿಲ್ಲೆಗೆ ಸೇರಿತ್ತು. 2004ರಿಂದ ಕೃಷ್ಣಗಿರಿ ಜಿಲ್ಲೆಯಾಗಿದೆ. ಅವರಿಗೆ ಆಡುವ ತಮಿಳು ಬರುತ್ತದೆ, ಓದುವ ತಮಿಳು ಬಾರದು. ಬ್ಯಾಂಕಿನಲ್ಲಿ ಗುಮಾಸ್ತನಾದವನಿಗೆ ಕಾಗದಪತ್ರದ ಮರ್ಮವೆಲ್ಲ ಗೊತ್ತು ಎಂಬುದು ಅವರ ನಂಬಿಕೆ. ನಾನು ತಮಿಳಿನ ಕರಾರನ್ನು ಓದಿ ಕನ್ನಡದಲ್ಲಿ ಹೇಳುತ್ತೇನೆ. ಹಲವು ಸಲ ಸಾಕ್ಷಿಯಾಗಿ ರುಜುವನ್ನೂ ಹಾಕಿದ್ದೇನೆ.

ಕರಾರಿಗೆ ರುಜು ಹಾಕುವ ಮೊದಲು ಏನೇನು ಕೇಳಬೇಕು ಎಂದರೆ ಒಂದು ಪುಟದ ಪಟ್ಟಿ ಬರೆದುಕೊಡಬಹುದು. ಮುಂಗಡ ಎಷ್ಟು, ಅದು ವಾಪಸು ಬರುವುದು ಯಾವಾಗ, ಕರೆಂಟಿಗೆ ಯೂನಿಟ್ಟಿಗೆ ಎಷ್ಟು ಹಿಡಿಯುತ್ತಾರೆ, ನೀರು ಎಷ್ಟು ದಿನಕ್ಕೊಮ್ಮೆ, ಬಿಡುವಾಗ ಸುಣ್ಣಬಣ್ಣದ ಖರ್ಚು ಯಾರದು. ಇದರಲ್ಲಿ ತತ್ತ್ವಜಿಜ್ಞಾಸೆಗೆ ಎಡೆಯಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯಾವುದನ್ನು ಕೇಳಬೇಕೆಂದೇ ಒಬ್ಬನಿಗೆ ತಿಳಿಯದು. ಉತ್ತರ ಬಲ್ಲ ಇನ್ನೊಬ್ಬನು ಪಕ್ಕದಲ್ಲೇ ಸುಮ್ಮನೆ ಕುಳಿತಿದ್ದಾನೆ. ಆಮೇಲಾಗುವ ನಷ್ಟಕ್ಕೆ ಹೊಣೆ ಯಾರು? ಹಾಗೆ ಸುಮ್ಮನೆ ಕುಳಿತವನು ನಾನೇ ಆದ್ದರಿಂದ ಈ ಮಾತನ್ನು ಇನ್ನೊಬ್ಬರ ತಲೆಗೆ ಕಟ್ಟಿ ಬರೆಯಲಾರೆ.

ಮೊದಲು ಭೋಗ್ಯದ ವಿಚಾರ ಸ್ವಲ್ಪ ಹೇಳಬೇಕು. ತಿಂಗಳ ಬಾಡಿಗೆಯ ಗೊಡವೆಯಿಲ್ಲದೆ, ಒಂದು ದೊಡ್ಡ ಇಡುಗಂಟನ್ನು ಮನೆಯವರಿಗೆ ಕೊಟ್ಟು, ಎರಡು ಮೂರು ವರ್ಷ ಇದ್ದು, ಬಿಡುವ ದಿನ ಅಷ್ಟೂ ಹಣವನ್ನು ವಾಪಸು ಪಡೆಯುವ ಏರ್ಪಾಡು ಅದು. ಬೆಂಗಳೂರಿನಲ್ಲಿ ಲೀಸ್ ಎನ್ನುತ್ತಾರೆ. ಸೇಲಂನಲ್ಲಿ ಬೋಗಿಯಂ ಎಂದೋ ಒತ್ತಿ ಎಂದೋ ಹೇಳುತ್ತಾರೆ. ಕಾಸರಗೋಡಿನ ಓದುಗರಿಗೆ ಮಲೆಯಾಳದ ಒಟ್ಟಿ ಹೊಸ ಮಾತಲ್ಲ. ನಮ್ಮ ಒತ್ತೆಯೂ ಇವುಗಳ ನೆಂಟನಂತೆಯೇ ಕೇಳಿಸುತ್ತದೆ. ಬಾಡಿಗೆಯನ್ನೇ ತೆಗೆದುಕೊಳ್ಳಿ: ತಮಿಳಿನಲ್ಲಿ ವಾಡಗೈ, ಮಲೆಯಾಳದಲ್ಲಿ ವಾಡಗ. ಮಾತು ಕಿವಿಗೆ ಪರಿಚಿತವಾಗಿರುವುದರಿಂದ ಕಾಗದವೂ ಪರಿಚಿತ ಎಂದು ನಮಗೆ ತೋರುತ್ತದೆ. ಗಡಿಯಲ್ಲಿ ಬದುಕುವವರಿಗೆ ಇದೊಂದು ವಿಶೇಷ ಅಪಾಯ. ಪೂರ್ತಿ ತಿಳಿಯದ ಭಾಷೆಯಾದರೆ ಮನುಷ್ಯ ಎಚ್ಚರದಿಂದಿರುತ್ತಾನೆ. ಅರ್ಧ ತಿಳಿದ ಭಾಷೆಯಲ್ಲಿ ತಲೆಯಾಡಿಸುತ್ತಾನೆ.

ಕೂಲಿ ಮಾಡುವವರಿಗೆ ಭೋಗ್ಯವೆಂದರೆ ಇಷ್ಟ. ಕೂಡಿಟ್ಟ ಹಣ ಕರಗದು, ತಿಂಗಳು ತಿಂಗಳು ಬಾಡಿಗೆಯ ಚಿಂತೆಯಿಲ್ಲ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣಕ್ಕೆ ಭೋಗ್ಯ ಮಾಡಿಕೊಂಡರೆ ಅದು ನೋಂದಣಿಯಾದ ಪತ್ರದಿಂದಲೇ ಆಗಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೂ 1908ರ ನೋಂದಣಿ ಕಾಯಿದೆ ಅದನ್ನೇ ಹೇಳುತ್ತದೆ. ಎಲ್ಲೆಲ್ಲಿಯೂ ಹನ್ನೊಂದು ತಿಂಗಳ ಕರಾರು ಕಾಣಿಸುವುದರ ಗುಟ್ಟು ಇದೇ. ನಡೆಯುವುದು ಮಾತ್ರ ಒಂದು ಛಾಪಾ ಕಾಗದ, ಎರಡು ಸಾಕ್ಷಿ, ಒಂದು ಸುತ್ತು ಕಾಫಿ. ನೋಂದಣಿಯ ಖರ್ಚು ಉಳಿಯಿತೆಂದು ಎರಡು ಕಡೆಯವರಿಗೂ ಸಮಾಧಾನ.

2015ರ ಮೇ ತಿಂಗಳಲ್ಲಿ ನಡೆದ ಸಂಗತಿ. ತಳಿ ಕಡೆಯ ಒಬ್ಬರು. ವಯಸ್ಸು ಮೂವತ್ತು ದಾಟಿರಬಹುದು. ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟರೆಯಲ್ಲಿ ಕೆಲಸ. ಸೇಲಂನ ಬೆಳ್ಳಿ ಕಾಲ್ಗೆಜ್ಜೆ ದೇಶದ ಎಲ್ಲ ಕಡೆಗೂ ಹೋಗುತ್ತದೆ; ಅದನ್ನು ಬೆಸೆಯುವವರು ಇಂಥ ಸಣ್ಣ ಪಟ್ಟರೆಗಳಲ್ಲಿ ದಿನವಿಡೀ ತಲೆಬಗ್ಗಿಸಿ ಕೂತಿರುತ್ತಾರೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಊರಿನ ಹೊಲದ ಪಾಲಿಗೆಂದು ಅಣ್ಣಂದಿರು ಕೊಟ್ಟ ಹಣ, ಹೆಂಡತಿಯ ಎರಡೆಳೆ ಸರ ಮಾರಿದ ಹಣ, ಎಲ್ಲ ಸೇರಿ ಮೂರು ಲಕ್ಷ ರೂಪಾಯಿ. ಮೂರು ವರ್ಷಕ್ಕೆ ಒಂದು ಮನೆ ಭೋಗ್ಯಕ್ಕೆ ಗೊತ್ತಾಗಿತ್ತು. ಕರಾರು ಓದಿ ಹೇಳಬೇಕು, ಹಾಗೆಯೇ ಸಾಕ್ಷಿ ಹಾಕಬೇಕು ಎಂದು ನನ್ನನ್ನು ಕರೆದುಕೊಂಡು ಹೋದರು.

ಬಾಗಿಲು ತೆರೆದ ಮನೆಯ ಮಾಲೀಕರನ್ನು ಕಂಡಾಗಲೇ ನನಗೆ ಎದೆ ಝಲ್ಲೆಂದಿತು. ಅವರೂ ನನ್ನನ್ನು ಗುರುತಿಸಿದರು. ಒಂದು ಗಳಿಗೆ ನೋಡಿ, "ವಾಂಗ ಸಾರ್" ಎಂದು ನಕ್ಕು ಒಳಗೆ ಕರೆದರು. ಆ ಮನೆಯ ಮೂಲಪತ್ರ ನಮ್ಮ ಶಾಖೆಯ ಕಬ್ಬಿಣದ ಬೀರುವಿನಲ್ಲಿತ್ತು. ಅದರ ಮೇಲೆ ತೆಗೆದ ಸಾಲಕ್ಕೆ ಮೂರು ತಿಂಗಳಿಂದ ಕಂತು ಬಂದಿರಲಿಲ್ಲ. ಹಿಂದಿನ ವಾರ ಬಾಕಿದಾರರ ಪಟ್ಟಿಯನ್ನು ತೆಗೆದು ಮ್ಯಾನೇಜರರ ಮೇಜಿನ ಮೇಲಿಟ್ಟವನು ನಾನೇ.

ಎರಡು ಪುಟದ ಕರಾರನ್ನು ಓದಿದೆ. ಒಂದು ಪದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ಹಣದ ಮೊತ್ತ, ಅವಧಿ, ಗೋಡೆಗೆ ಮೊಳೆ ಹೊಡೆಯಬಾರದೆಂಬುದು, ಬಿಡುವ ಮೂರು ತಿಂಗಳ ಮೊದಲು ತಿಳಿಸಬೇಕೆಂಬುದು, ಎಲ್ಲವನ್ನೂ. ಅಡವಿನ ಮಾತು ಕರಾರಿನಲ್ಲಿರಲಿಲ್ಲ. ಅವರು ಪೆನ್ನು ಹಿಡಿದು ನನ್ನ ಮುಖ ನೋಡಿ, "ಎಲ್ಲಾ ಸರಿಯಾಗೈತಾ ಅಣ್ಣಾ?" ಎಂದರು. "ಬರೆದದ್ದೆಲ್ಲ ಸರಿಯಾಗಿದೆ" ಎಂದೆ. ಆ ಉತ್ತರದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ರುಜು ಹಾಕಿದರು, ಕೆಳಗೆ ನಾನೂ ಹಾಕಿದೆ.

2017ರಲ್ಲಿ ಆ ಮನೆಯ ಬಾಗಿಲಿಗೆ ಒಂದು ನೋಟೀಸು ಅಂಟಿಸಿದರು. ಸಾಲ ವಸೂಲಿಗಾಗಿ ಸ್ವತ್ತನ್ನು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಕಾಯಿದೆಯೊಂದಿದೆ. ಸರ್ಫೇಸಿ ಎಂದು ಕರೆಯುತ್ತಾರೆ. ಅದರ ನಿಯಮದಂತೆ ವಶಪಡಿಸಿಕೊಂಡ ನೋಟೀಸನ್ನು ಹೊರಬಾಗಿಲಿಗೆ ಅಂಟಿಸಬೇಕು, ಎರಡು ಪತ್ರಿಕೆಗಳಲ್ಲಿ ಹಾಕಿಸಬೇಕು, ಅವುಗಳಲ್ಲೊಂದು ಅಲ್ಲಿಯ ಭಾಷೆಯದಾಗಿರಬೇಕು. ಎಲ್ಲವೂ ನಿಯಮದಂತೆಯೇ ನಡೆಯಿತು. ಆ ಹೆಂಗಸು ನೋಟೀಸನ್ನು ಮನೆ ತೆರಿಗೆಯ ಕಾಗದವೆಂದುಕೊಂಡರು. ತೆರಿಗೆ ಮಾಲೀಕರದಲ್ಲವೇ ಎಂದು ಸುಮ್ಮನಾದರು. ಎರಡು ದಿನದ ಮೇಲೆ ಎದುರು ಮನೆಯ ಹುಡುಗಿ ಓದಿ ಹೇಳಿದಾಗ ಗೊತ್ತಾಯಿತು. ಅಡವಿನಲ್ಲಿರುವ ಮನೆಯನ್ನು ಮಾಲೀಕ ಬಾಡಿಗೆಗೆ ಕೊಡಬಾರದೆಂದೇನೂ ಇಲ್ಲ. ಆದರೆ ಸ್ವತ್ತು ವರ್ಗಾವಣೆ ಕಾಯಿದೆಯ 65ಎ ಕಲಮು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಹಾಗೆ ಕೊಡುವಾಗ ಇಡುಗಂಟನ್ನಾಗಲಿ ಮುಂದಿನ ಬಾಡಿಗೆಯನ್ನಾಗಲಿ ಮುಂಚಿತವಾಗಿ ಪಡೆಯಲು ಬಿಡುವುದಿಲ್ಲ. ನೋಂದಣಿಯಿಲ್ಲದ ಭೋಗ್ಯದ ಕಾಗದ ಬ್ಯಾಂಕಿನ ಮುಂದೆ ನಿಲ್ಲುವ ಮಾತೇ ಇರಲಿಲ್ಲ. ಮಾಲೀಕರು ಅಲ್ಲಿ ಇಲ್ಲಿ ಹೊಂದಿಸಿ ನಲವತ್ತು ಸಾವಿರ ಕೊಟ್ಟರು. ಅವರನ್ನು ಕೇಡಿಗರೆನ್ನಲು ನನಗೆ ಮನಸ್ಸು ಬಾರದು. ಮುಳುಗುತ್ತಿದ್ದವರು ಕೈಗೆ ಸಿಕ್ಕಿದ್ದನ್ನು ಹಿಡಿದರು. ಉಳಿದ ಹಣ ಬರಲಿಲ್ಲ. ಆ ಸಂಸಾರ ಹೊಸೂರಿಗೆ ಹೋಯಿತು.

ಹೋಗುವ ಮೊದಲು ಅವರು ಒಂದು ಸಂಜೆ ಬಂದಿದ್ದರು. ಜಗುಲಿಯಲ್ಲೇ ನಿಂತು, "ನಿಮಗೆ ಆವತ್ತೇ ಗೊತ್ತಿತ್ತಾ ಅಣ್ಣಾ?" ಎಂದು ಕೇಳಿದರು. "ಬ್ಯಾಂಕಿನ ವಿಷಯ ಹೊರಗೆ ಹೇಳುವಂತಿಲ್ಲ" ಎಂದೆ. ಅವರಿಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಿತು.

ಕಾನೂನಿನ ಮಾತಿಗೆ ಬಂದರೆ ನಾನು ನಿರಪರಾಧಿ. ಸಾಕ್ಷಿ ಹಾಕಿದವನು, ರುಜು ನನ್ನ ಕಣ್ಣೆದುರು ಆಯಿತು ಎಂದಷ್ಟೇ ಹೇಳಿದಂತೆ. ಒಳಗಿನ ಒಕ್ಕಣೆಗೆ ಅವನು ಬಾಧ್ಯನಲ್ಲ. ರುಜು ಹಾಕಿದವರ ಮೇಲೆಯೇ ಭಾರ. ಇಂಗ್ಲೆಂಡಿನಲ್ಲಿ ನಡೆದ ಒಂದು ಮೊಕದ್ದಮೆ ಕಾನೂನು ಓದುವವರಿಗೆಲ್ಲ ಗೊತ್ತು. ಗ್ಯಾಲಿ ಎಂಬ 78 ವರ್ಷದ ವಿಧವೆ ಕನ್ನಡಕ ಒಡೆದಿದ್ದಾಗ, ಓದದೆ, ಒಂದು ಪತ್ರಕ್ಕೆ ರುಜು ಹಾಕಿದರು. ಹತ್ತಿರದ ಬಂಧುವೊಬ್ಬನಿಗೆ ಮನೆಯನ್ನು ದಾನವಾಗಿ ಬರೆಯುತ್ತಿದ್ದೇನೆಂದು ಆಕೆ ತಿಳಿದಿದ್ದರು; ನಿಜವಾಗಿ ಅದು ಅವನ ಸ್ನೇಹಿತನಿಗೆ ಮಾಡಿದ ಕ್ರಯಪತ್ರ. ಆ ಪತ್ರವನ್ನು ನಂಬಿ ಗೃಹಸಾಲದ ಸಂಸ್ಥೆಯೊಂದು ಹಣ ಕೊಟ್ಟಿತ್ತು. ಪತ್ರ ಅಸಿಂಧುವೆನ್ನಲು 1970ರಲ್ಲಿ ಅಲ್ಲಿಯ ಶ್ರೀಮಂತರ ಸಭೆ ಒಪ್ಪಲಿಲ್ಲ. ಕಠಿಣವಾದ ತೀರ್ಪು. ಆದರೆ ಅದರಲ್ಲಿ ನ್ಯಾಯವಿಲ್ಲವೆನ್ನಲಾಗದು. ಓದು ಬಾರದವರ ರುಜು ಕಟ್ಟುವುದಿಲ್ಲ ಎಂದು ಕೋರ್ಟುಗಳು ಸಾರಿಬಿಟ್ಟರೆ ನಾಳೆಯಿಂದ ತಮಿಳು ಓದಲು ಬಾರದ ಕನ್ನಡಿಗನಿಗೆ ಸೇಲಂನಲ್ಲಿ ಯಾರು ಮನೆ ಕೊಡುತ್ತಾರೆ? ರುಜುವಿಗೆ ಬೆಲೆಯಿಲ್ಲದವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಆದ್ದರಿಂದ ರುಜುವಿನ ನಂತರದ ಕರುಣೆ ನಮ್ಮಂಥವರಿಗೆ ಉಪಯೋಗಕ್ಕೆ ಬಾರದು. ಆಗಬೇಕಾದದ್ದೆಲ್ಲ ರುಜುವಿನ ಮೊದಲೇ ಆಗಬೇಕು.

ರುಜುವಿನ ಮೊದಲು ಬಾಯಿ ಬಿಡಬೇಕಾದವರು ಯಾರು? ಇದು ಬಹಳ ಹಳೆಯ ತಕರಾರು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದರ ಚರ್ಚೆಯಿದೆ. ಒಬ್ಬನು ಮನೆ ಮಾರುತ್ತಾನೆ. ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆ, ಮರಮುಟ್ಟು ಕೆಟ್ಟಿದೆ, ವಾಸಕ್ಕೆ ಆರೋಗ್ಯಕರವಲ್ಲ. ಇದು ಮಾರುವವನಿಗೆ ಮಾತ್ರ ಗೊತ್ತು. ಹೇಳಬೇಕೇ, ಬೇಡವೇ? ಡಯೋಜಿನೀಸ್ ಎಂಬ ತತ್ತ್ವಜ್ಞಾನಿಯ ವಾದ: ಕೊಳ್ಳೆಂದು ಅವನು ಬಲವಂತ ಮಾಡಲಿಲ್ಲ, ಹೇಳದಿರುವುದು ಬೇರೆ, ಬಚ್ಚಿಡುವುದು ಬೇರೆ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದು ಅಥೆನ್ಸಿನಲ್ಲಿ ಜನರ ಶಾಪಕ್ಕೆ ಗುರಿಯಾಗುವ ತಪ್ಪು. ಇದು ಅದಕ್ಕಿಂತ ಕೆಟ್ಟದ್ದು, ತಿಳಿದು ತಿಳಿದು ಇನ್ನೊಬ್ಬನನ್ನು ಹಳ್ಳಕ್ಕೆ ಬಿಡುವುದು ಎನ್ನುತ್ತಾನೆ. ಸಿಸೆರೊ ಒಂದು ನಿಜ ಪ್ರಕರಣವನ್ನೂ ಹೇಳುತ್ತಾನೆ. ಸೆಂಟುಮಾಲಸ್ ಎಂಬವನಿಗೆ ಅವನ ಮನೆಯ ಎತ್ತರದ ಭಾಗವನ್ನು ಕೆಡವಬೇಕೆಂದು ಶಕುನ ನೋಡುವ ಅಧಿಕಾರಿಗಳ ಆಜ್ಞೆಯಾಗಿತ್ತು. ಅದನ್ನು ಹೇಳದೆ ಅವನು ಮನೆ ಮಾರಿದ. ತೀರ್ಪು ಕೊಟ್ಟ ಕೇಟೋ, ತಿಳಿದೂ ಹೇಳದ್ದಕ್ಕೆ ಮಾರಿದವನೇ ನಷ್ಟ ತುಂಬಬೇಕೆಂದ. ನಮ್ಮ 1882ರ ಕಾಯಿದೆಯ 108ನೆಯ ಕಲಮಿನಲ್ಲೂ ಇದರ ಛಾಯೆಯಿದೆ. ಬಾಡಿಗೆಗೆ ಬರುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷ ಮನೆಯಲ್ಲಿದ್ದು ಅದು ಮಾಲೀಕನಿಗೆ ತಿಳಿದಿದ್ದರೆ ಅವನು ಹೇಳಲೇಬೇಕು. ಅಡವು ಅಂಥ ದೋಷವೇ ಅಲ್ಲವೇ ಎಂಬುದನ್ನು ವಕೀಲರಿಗೆ ಬಿಡೋಣ.

ಇವೆಲ್ಲ ಕೊಡುವವನಿಗೂ ಕೊಳ್ಳುವವನಿಗೂ ಸಂಬಂಧಿಸಿದ ಮಾತು. ನಡುವೆ ಕುಳಿತ ಮೂರನೆಯವನ ಗತಿ ಏನು? ಬಚ್ಚಿಡುವುದೆಂದರೆ ಇನ್ನೊಬ್ಬನಿಗೆ ತಿಳಿದರೆ ಒಳ್ಳೆಯದಾಗುವ ಸಂಗತಿಯನ್ನು ನಿನ್ನ ಲಾಭಕ್ಕಾಗಿ ಅವನಿಂದ ಮರೆಮಾಡುವುದು ಎಂಬರ್ಥದಲ್ಲಿ ಸಿಸೆರೊ ಹೇಳುತ್ತಾನೆ. ನನಗೆ ಏನು ಲಾಭವಿತ್ತು? ಒಂದು ಲೋಟ ಕಾಫಿ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಧಾನವಾಗಿ ನೋಡಿದರೆ ಲಾಭವಿತ್ತು. ಮಾಲೀಕರ ಮುಖ ಕೆಡಲಿಲ್ಲ, ನನ್ನ ನೌಕರಿಗೆ ಧಕ್ಕೆಯಿರಲಿಲ್ಲ, ಆ ಬೆಳಗಿನ ನಗುಮಾತು ಮುರಿಯಲಿಲ್ಲ. ಇವು ಸಣ್ಣ ಲಾಭಗಳೇನಲ್ಲ. ಮೂರು ಲಕ್ಷದಲ್ಲಿ ನನ್ನ ಪಾಲಿಗೆ ಬಂದದ್ದು ಇವೇ.

ಇನ್ನು ಗುಟ್ಟಿನ ವಿಚಾರ. ರಾಷ್ಟ್ರೀಕೃತ ಬ್ಯಾಂಕಿನ ನೌಕರರು ಸೇರುವಾಗಲೇ ನಿಷ್ಠೆ ಮತ್ತು ಗೋಪ್ಯದ ಹೇಳಿಕೆಗೆ ರುಜು ಹಾಕುತ್ತೇವೆ. 1970ರ ರಾಷ್ಟ್ರೀಕರಣದ ಕಾಯಿದೆಯಲ್ಲೇ ಆ ಕಟ್ಟುಪಾಡಿದೆ. 1924ರಲ್ಲಿ ಇಂಗ್ಲೆಂಡಿನ ಟೂರ್ನಿಯರ್ ಎಂಬವನ ಮೊಕದ್ದಮೆಯಲ್ಲಿ ಈ ಗೋಪ್ಯದ ಧರ್ಮಕ್ಕೆ ಒಂದು ರೂಪ ಬಂತು. ಅವನ ಸಾಲದ ವಿಷಯವನ್ನು ಬ್ಯಾಂಕ್ ಮ್ಯಾನೇಜರ್ ಅವನ ಯಜಮಾನರಿಗೆ ಫೋನಿನಲ್ಲಿ ಹೇಳಿಬಿಟ್ಟ. ಅವನ ಕೆಲಸ ಮುಂದುವರಿಯಲಿಲ್ಲ. ಈ ಕಟ್ಟುಪಾಡನ್ನು ನಾನು ಹಗುರವಾಗಿ ಕಾಣುವವನಲ್ಲ. ಅದು ಶ್ರೀಮಂತರ ರಕ್ಷಣೆಗಾಗಿ ಮಾತ್ರ ಇರುವುದಲ್ಲ. ಭಾನುವಾರ ಕಾಗದ ಹಿಡಿದು ಬರುವ ಅದೇ ಹೆಂಗಸರು ಸೋಮವಾರ ನಮ್ಮ ಶಾಖೆಗೆ ಬಳೆ, ಓಲೆ ಗಿರವಿ ಇಡಲು ಬರುತ್ತಾರೆ. ಯಾರ ಒಡವೆ ಬೀರುವಿನಲ್ಲಿದೆ ಎಂದು ಓರಗಿತ್ತಿಗಾಗಲಿ ನಾದಿನಿಗಾಗಲಿ ನಾನು ಹೇಳಿಲ್ಲ. ಹೇಳುವವನಾಗಿದ್ದರೆ ಅವರು ಬಡ್ಡಿ ಸೇಟಿನ ಅಂಗಡಿಗೆ ಹೋಗುತ್ತಿದ್ದರು. ಹಾಗಾಗಿ "ಈ ಮಾಲೀಕರು ಮೂರು ಕಂತು ಕಟ್ಟಿಲ್ಲ" ಎಂದು ಆ ದಿನ ಹೇಳಬೇಕಿತ್ತೇ ಎಂದರೆ, ಇವತ್ತಿಗೂ ಹೌದೆನ್ನಲಾರೆ. ಗೆಳೆಯರು ಕೆಲವರು ಇದನ್ನು ಒಪ್ಪುವುದಿಲ್ಲ. ಹೊಟ್ಟೆಗಿಲ್ಲದವನ ಮೂರು ಲಕ್ಷಕ್ಕಿಂತ ನಿನ್ನ ಹೇಳಿಕೆ ದೊಡ್ಡದೇ ಎಂದು ಕೇಳುತ್ತಾರೆ. ಅವರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಆದರೆ ಬೀರುವಿನಲ್ಲಿದ್ದ ಸಂಗತಿ ಎರಡು. ಕಂತು ಬಾಕಿಯಿದೆ ಎಂಬುದು ಗುಟ್ಟು. ಮನೆ ಅಡವಿನಲ್ಲಿದೆ ಎಂಬುದು ಗುಟ್ಟೇ ಅಲ್ಲ. ಉಪ ನೋಂದಣಿ ಕಚೇರಿಯಿಂದ ಇ.ಸಿ. ತೆಗೆಸಿದರೆ ಸಾಮಾನ್ಯವಾಗಿ ಅದರಲ್ಲಿ ಕಾಣಿಸುತ್ತದೆ. ತಮಿಳರು ಅದನ್ನು ವಿಲ್ಲಂಗ ಚಾನ್ಱು ಎನ್ನುತ್ತಾರೆ, ಕರ್ನಾಟಕದಲ್ಲಿ ಋಣಭಾರ ಪತ್ರ, ಕೇರಳದ ಕಡೆ ಕುಡಿಕ್ಕಡ ಸರ್ಟಿಫಿಕೇಟು. ಬ್ಯಾಂಕುಗಳ ಅಡವನ್ನು ದಾಖಲಿಸಲೆಂದೇ 2011ರಿಂದ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯೂ ಇದೆ; ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಇವೆಲ್ಲವೂ ಬೇಡ, "ಮೂಲಪತ್ರ ಎಲ್ಲಿದೆ, ಸ್ವಲ್ಪ ತೋರಿಸಿ" ಎಂದು ಅವರು ಕೇಳಿದ್ದರೆ ಸಾಕಿತ್ತು. ಆ ಎರಡು ಮಾತನ್ನು ಅವರ ಬಾಯಿಗೆ ಕೊಡಲು ನನಗೆ ಯಾವ ಕಾಯಿದೆಯೂ ಅಡ್ಡಿಯಿರಲಿಲ್ಲ.

ಅಡ್ಡಿಯಿದ್ದದ್ದು ಒಂದೇ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ನಾನು ಆ ಪ್ರಶ್ನೆ ಎತ್ತಿದ್ದರೆ ಅದು ಸೂಚನೆಯಾಗುತ್ತಿತ್ತು. ಮಾಲೀಕರಿಗೂ ಅರ್ಥವಾಗುತ್ತಿತ್ತು, ಇವರಿಗೂ ಅರ್ಥವಾಗುತ್ತಿತ್ತು. ಗುಟ್ಟು ಬಿಟ್ಟಂತೆಯೇ ಆಗುತ್ತಿತ್ತು. ಹಾಗೇಕೆ? ಅದುವರೆಗೆ ಓದಿಕೊಟ್ಟ ಎಷ್ಟೋ ಕರಾರುಗಳಲ್ಲಿ ಒಂದರಲ್ಲೂ ನಾನು ಆ ಪ್ರಶ್ನೆ ಕೇಳಿರಲಿಲ್ಲ. ಎಲ್ಲರನ್ನೂ ಕೇಳುವವನಾಗಿದ್ದರೆ ಆ ದಿನವೂ ಕೇಳಬಹುದಿತ್ತು. ಯಾರ ಮೇಲೂ ಅನುಮಾನ ಹುಟ್ಟುತ್ತಿರಲಿಲ್ಲ. ನನ್ನ ತಪ್ಪು 2015ರ ಆ ಬೆಳಿಗ್ಗೆ ಆದದ್ದಲ್ಲ, ಅದಕ್ಕೆ ಹಿಂದಿನ ಎಲ್ಲ ಭಾನುವಾರಗಳಲ್ಲಿ ಆದದ್ದು. ಬರೆದದ್ದನ್ನು ಓದುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಬರೆಯದೆ ಬಿಟ್ಟದ್ದನ್ನು ಓದಲು ಬಾರದ ಮಟ್ಟಿಗೆ ನಾನೂ ನಿರಕ್ಷರಿಯೇ.

ಅವರೇಕೆ ಕೇಳಲಿಲ್ಲ ಎಂದು ಯಾರಾದರೂ ಕೇಳಬಹುದು. ಸಂಸಾರವಂದಿಗರು, ದುಡಿದು ಕೂಡಿಟ್ಟವರು, ಎಚ್ಚರಿಕೆ ಅವರದಲ್ಲವೇ? ಡಯೋಜಿನೀಸನ ವಾದದಲ್ಲಿ ಸತ್ಯಾಂಶವಿದೆ. ಆದರೆ ಕೇಳುವುದಕ್ಕೂ ಒಂದು ಅಭ್ಯಾಸ ಬೇಕು. ಕಾಸರಗೋಡಿನ ಹಿರಿಯರು ಚಾಲಗೇಣಿಯ ಕಾಲವನ್ನು ನೆನಪಿಸಿಕೊಳ್ಳಲಿ. ಮೂಲಗೇಣಿಯವನಿಗೆ ನೆಲೆಯಿತ್ತು, ಚಾಲಗೇಣಿಯ ಒಕ್ಕಲು ಧಣಿಯ ಇಷ್ಟವಿ‌ದ್ದಷ್ಟು ದಿನ. ಚಾವಡಿಯ ಕೆಳಗೆ ನಿಂತವನು ಗೇಣಿಚೀಟಿನಲ್ಲಿ ಏನಿದೆ ಎಂದು ಕೇಳಿದರೆ ಅದೇ ಅವನ ಕೊನೆಯ ವರ್ಷ. ಕೇರಳದ ಭೂಸುಧಾರಣೆಯಿಂದ 1970ರ ಜನವರಿ 1ರಂದು ಗೇಣಿ ಪದ್ಧತಿ ಹೋಯಿತು. ಕೇಳದೆ ತಲೆಬಗ್ಗಿಸುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ನಮ್ಮ ಬಾರಾಮಹಲಿನ ಕಥೆಯೂ ಬೇರೆಯಲ್ಲ. ಇಲ್ಲೊಂದು ಸ್ವಾರಸ್ಯವಿದೆ: 1792ರಲ್ಲಿ ಟಿಪ್ಪುವಿನಿಂದ ಕಂಪನಿಗೆ ಬಂದ ಸೇಲಂ, ಧರ್ಮಪುರಿ ಸೀಮೆಯಲ್ಲಿ ನೆಲ ಅಳೆದು ಕಂದಾಯ ಕಟ್ಟುವ ಕೆಲಸದಲ್ಲಿ ಏಳು ವರ್ಷ ಇದ್ದ ಥಾಮಸ್ ಮನ್ರೋನೇ 1799ರಲ್ಲಿ ಕಾಸರಗೋಡು ಸೇರಿದ್ದ ಕೆನರಾಕ್ಕೆ ಹೋದವನು. ಎರಡು ಗಡಿಗಳ ರೈತರೂ ಒಬ್ಬನೇ ದೊರೆಯ ಮೇಜಿನ ಮುಂದೆ ಕೈಕಟ್ಟಿ ನಿಂತವರು.

ಇದರ ಮೇಲೆ ಅಲ್ಪಸಂಖ್ಯಾತರ ಸಂಕೋಚ ಒಂದಿದೆ. ಹೆಚ್ಚು ಪ್ರಶ್ನೆ ಕೇಳಿದರೆ ಹೊರಗಿನವರೆಂದು ತಿಳಿದುಬಿಡುತ್ತಾರೆ, ತಮಿಳು ಬಾರದೆಂದು ನಗುತ್ತಾರೆ, ಮನೆ ಕೈತಪ್ಪುತ್ತದೆ. ಕೇಳುವುದೆಂದರೆ ಅಪನಂಬಿಕೆ ತೋರಿಸಿದಂತೆ ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಕಲಿಸಿದ್ದೇವೆ. ಒಳ್ಳೆಯವರಂತೆ ಕಾಣುತ್ತಾರೆ, ಕಾಫಿ ಕೊಟ್ಟರು, ಹೇಗೆ ಕೇಳುವುದು? ನನಗೆ ತೋರುವಂತೆ ಒಬ್ಬರನ್ನು ಮಾತ್ರ ಕೇಳಿದರೆ ಅದು ಅಪನಂಬಿಕೆ. ಪ್ರತಿ ಮನೆಯಲ್ಲೂ ಕೇಳುವುದಾದರೆ ಅದು ಪದ್ಧತಿ. ಹೆಣ್ಣು ನೋಡಲು ಬಂದವರು ಗೋತ್ರ ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಆ ಪದ್ಧತಿಯನ್ನು ನಾನು ಹಾಕಿಕೊಂಡದ್ದು ತಡವಾಗಿ. ಈಗ ಯಾರೇ ಕರಾರು ತಂದರೂ ಓದುವ ಮೊದಲು ಕೇಳುತ್ತೇನೆ. ಮೂಲಪತ್ರ ಕಣ್ಣಿನಿಂದ ಕಂಡಿರಾ? ಇ.ಸಿ. ತೆಗೆಸಿದಿರಾ? ಮನೆ ತೆರಿಗೆ ರಸೀದಿ, ಕರೆಂಟ್ ಕಾರ್ಡು ಯಾರ ಹೆಸರಿನಲ್ಲಿದೆ? ರುಜು ಹಾಕುವವರೇ ಮಾಲೀಕರೋ, ಅಣ್ಣತಮ್ಮಂದಿರ ಪಾಲೂ ಇದೆಯೋ, ಇದ್ದರೆ ಅವರೇಕೆ ರುಜು ಹಾಕಿಲ್ಲ? ಭೋಗ್ಯವಾದರೆ ನೋಂದಣಿ ಮಾಡಿಸುತ್ತಾರಾ? ಹಣ ಬ್ಯಾಂಕಿನ ಮೂಲಕ ಕೊಡುತ್ತೀರೋ ಕೈಯಲ್ಲಿ ಎಣಿಸಿಕೊಡುತ್ತೀರೋ? ಬಿಡುವ ದಿನ ಮೊದಲು ಬೀಗದ ಕೈಯೋ ಮೊದಲು ಹಣವೋ? ಮಾಲೀಕರು ತೀರಿಕೊಂಡರೆ ಹಣ ಯಾರು ಕೊಡುತ್ತಾರೆಂದು ಬರೆದಿದೆಯೇ? ಈ ಕೊನೆಯದನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ, ಅಶುಭವಂತೆ.

ಬಾಡಿಗೆಯ ಮಾತಾದರೆ ತಮಿಳುನಾಡಿನಲ್ಲಿ 1960ರ ಕಾಯಿದೆ ಹೋಗಿ 2017ರ ಹೊಸ ಕಾಯಿದೆ 2019ರ ಫೆಬ್ರವರಿ 22ರಿಂದ ನಡೆಯುತ್ತಿದೆ. ಕರಾರು ಬರಹದಲ್ಲೇ ಇರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಮನೆ ಬಿಟ್ಟ ಒಂದು ತಿಂಗಳೊಳಗೆ ಬಾಕಿ ಮುರಿದುಕೊಂಡು ವಾಪಸು ಕೊಡಬೇಕು. "ಬೇರೆ ಒಪ್ಪಂದವಿಲ್ಲದಿದ್ದರೆ" ಎಂಬ ಮಾತಿನ ಬಾಗಿಲಿನಿಂದ ಹತ್ತು ತಿಂಗಳ ಮುಂಗಡವೂ ಒಳಗೆ ಬರುತ್ತದೆ. ಆ ಬೇರೆ ಒಪ್ಪಂದ ನಾವು ರುಜು ಹಾಕುವ ಕಾಗದವೇ ಅಲ್ಲವೇ.

ಹೊಸೂರಿಗೆ ಹೋದ ಅವರನ್ನು ಮೂರು ವರ್ಷದ ನಂತರ ಊರ ಕಡೆಯ ಒಂದು ಮದುವೆಯಲ್ಲಿ ನೋಡಿದೆ. ಮಾತನಾಡಿಸಿದರು. ದೊಡ್ಡ ಮಗಳು ಹತ್ತನೆಯ ತರಗತಿ ಎಂದರು. ಈಗಿನ ಮನೆ ತಿಂಗಳ ಬಾಡಿಗೆಯದು, ಕಾಗದವನ್ನು ಮಗಳೇ ಓದಿ ಹೇಳಿದಳು ಎಂದರು. ಹಣದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೇಳುವ ಪದ್ಧತಿಗೆ ಬೆಲೆಯಿಲ್ಲದಿಲ್ಲ. ಕಳೆದ ವರ್ಷ ಗುಗೈ ಹತ್ತಿರ ಒಂದು ಮನೆ ನಮ್ಮವರೊಬ್ಬರಿಗೆ ಗೊತ್ತಾಗಿತ್ತು. ಪಟ್ಟರೆಗೆ ಹತ್ತಿರ, ಮಕ್ಕಳ ಶಾಲೆಗೆ ಹತ್ತಿರ, ಬಾವಿಯ ನೀರು. ನಾನು ಹೇಳಿಕೊಟ್ಟಂತೆ ಮೂಲಪತ್ರ ತೋರಿಸಿ ಎಂದು ಕೇಳಿದರು. ಮಾಲೀಕರ ಹೆಂಡತಿಗೆ ಸಿಟ್ಟು ಬಂತು. ಇಷ್ಟು ಅನುಮಾನವಿದ್ದವರು ಬೇರೆ ಕಡೆ ನೋಡಿಕೊಳ್ಳಿ ಎಂದು ಕೊಟ್ಟ ಮುಂಗಡವನ್ನು ಅಲ್ಲೇ ಎಣಿಸಿ ಹಿಂದಿರುಗಿಸಿದರು. ಆಮೇಲೆ ವಿಚಾರಿಸಿದರೆ ಆ ಮನೆಯ ಮೇಲೆ ಯಾವ ಸಾಲವೂ ಇರಲಿಲ್ಲ. ಅವರೀಗ ಕೊಂಡಲಾಂಪಟ್ಟಿಯ ಆಚೆ, ತಿಂಗಳಿಗೆ ಸಾವಿರ ಹೆಚ್ಚು ಕೊಟ್ಟು, ನೀರಿಗೆ ಬೀದಿ ಕೊಳಾಯಿಗೆ ಹೋಗುವ ಮನೆಯಲ್ಲಿದ್ದಾರೆ. ಅವರ ಹೆಂಡತಿ ದಾರಿಯಲ್ಲಿ ಸಿಕ್ಕರೂ ನನ್ನನ್ನು ಮಾತನಾಡಿಸುವುದಿಲ್ಲ. ಆ ಕೋಪವೂ ನ್ಯಾಯವಾದದ್ದೇ. ಮುಂದಿನ ಭಾನುವಾರ ಇನ್ನೊಬ್ಬರು ಬರುವವರಿದ್ದಾರೆ, ಅಮ್ಮಾಪೇಟೆಯ ಕಡೆ ಮನೆಯಂತೆ. ಮೂಲಪತ್ರ ನೋಡಿಕೊಂಡೇ ಬನ್ನಿ ಎಂದು ಹೇಳಿ ಕಳಿಸಿದ್ದೇನೆ.